ಅಪ್‌ಡೇಟ್: ಸಾಮ್ರಾಜ್ಯ ಇತಿಹಾಸದ ಎಂಎಗೆ ಅರ್ಜಿ ಹಾಕಿದ್ದು

ಎರಡು ತಿಂಗಳ ಹಿಂದೆ ಕೇಳಿದ್ದೆ: ಶಿರಸಿಯಲ್ಲಿ ಬಿಎ ಮುಗಿಸಿದವಳು, ಬ್ರಿಟನ್ನಿನಲ್ಲಿ ಸಾಮ್ರಾಜ್ಯದ ಇತಿಹಾಸ ಓದಬೇಕು, ಅರ್ಜಿಯ ಜೊತೆಗಿನ ಬರಹದಲ್ಲಿ ಏನು ಬರೆಯಲಿ ಅಂತ. "ನಿಮ್ಮೂರಿನಿಂದಲೇ ಶುರು ಮಾಡಿ" ಅಂದಿರಿ. ಹಾಗೇ ಮಾಡಿದೆ.

ಮೊದಲ ಕರಡಿನಲ್ಲಿ ಪ್ಲಾಸಿ, 1857 ಎಲ್ಲ ತುಂಬಿದ್ದೆ. ಯಾರು ಬೇಕಾದರೂ ಬರೆಯಬಹುದಾದದ್ದು. ಅದನ್ನು ಬಿಟ್ಟು ನಮ್ಮ ಸೊಪ್ಪಿನ ಬೆಟ್ಟದ ಬಗ್ಗೆ, ಅಂದ್ರೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಕಾಡಿನ ಬಗ್ಗೆ, ಬರೆದೆ. ಅಜ್ಜನ ಟ್ರಂಕಿನಲ್ಲಿ ಬೆಟ್ಟದ ಹಳೇ ಕಾಗದವೊಂದಿತ್ತು. ಮಡಿಕೆಯಲ್ಲೇ ಹರಿದಿದೆ, ಮೇಲೆ ಅಡಿಕೆ ಚೊಗರಿನ ಕಲೆ. ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವ ಹಕ್ಕು ಯಾರದು, ಕಾಡು ಯಾರದು? 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಬಾಂಬೆ ಪ್ರೆಸಿಡೆನ್ಸಿಗೆ ಹೋಯಿತು. 1878ರ ಅರಣ್ಯ ಕಾಯ್ದೆ ಬಂದಮೇಲೆ ಕಾಡಿನ ಮೇಲೆ ಸರ್ಕಾರದ ಹಿಡಿತ ಇನ್ನೂ ಬಿಗಿಯಾಯಿತು. ಸಾಮ್ರಾಜ್ಯ ನಮ್ಮನೆ ತೋಟದ ತನಕ ಬಂದಿತ್ತು, ಅಲ್ವಾ?

ದಾಖಲೆ ಎಲ್ಲಿ ನೋಡ್ತೀರಿ ಅನ್ನೋದನ್ನೂ ಬರೆಯಿರಿ ಅಂದಿದ್ದಿರಿ. ಮುಂಬೈನ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು, ಎರಡನ್ನೂ ಸೇರಿಸಿದೆ.

ಮೊನ್ನೆ ಮೇಲ್ ಬಂತು. ಸೀಟು ಸಿಕ್ಕಿದೆ! ಇಂಗ್ಲಿಷ್ ಪರೀಕ್ಷೆಯ ಅಂಕ ಕಳಿಸಬೇಕಷ್ಟೆ. ದುಡ್ಡಿನ ಚಿಂತೆ ಇದ್ದೇ ಇದೆ, ಸ್ಕಾಲರ್‌ಶಿಪ್‌ಗೆ ಕಾಯ್ತಾ ಇದ್ದೇನೆ. ಆಯಿ ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೆಗೆದಿಟ್ಟಿದ್ದಾಳೆ.