ಬೀಗರ ವಂಶವೃಕ್ಷದಾಗ ಮದಿವಿಗಿಂತ ಮೊದ್ಲ ಮಗ ಹುಟ್ಯಾನ, ಇದ್ಹೆಂಗ್ರಿ?

ಬಾಗಲಕೋಟಿ ಮಾಸ್ತರ:
ನಮಸ್ಕಾರ್ರಿ. ನಾ ರಿಟೈರ್ ಆದ ಮಾಸ್ತರ, ನವನಗರದಾಗ ಇರ್ತೀನಿ. ಮಗಳು ಅಮೆರಿಕಾದ ಮ್ಯಾಸಚೂಸೆಟ್ಸ್‌ದಾಗ ಅದಾಳ, ಅಳಿಯ ಅಲ್ಲೇ ಹುಟ್ಟಿ ಬೆಳದಾಂವ. ಬೀಗರು ತಮ್ಮ ವಂಶವೃಕ್ಷ ಪಿಡಿಎಫ್ ಮಾಡಿ ಕಳಿಸ್ಯಾರ, ಮಾಸ್ತರ್ರ ಒಮ್ಮೆ ಕಣ್ಣಾಡಸ್ರಿ ಅಂತ. ತುದಿಗೆ ಥಾಮಸ್ ಅಂತ ಒಬ್ಬಾಂವ (ಅಡ್ಡಹೆಸರು ಹಾಕಂಗಿಲ್ರಿ), 1635ಕ್ಕ ಲಂಡನ್‌ನ್ಯಾಗ ಹಡಗ ಹತ್ತಿ ಬಂದಾನಂತ. ಎಲ್ಲಾ ಬರೋಬ್ಬರಿ ಐತಿ ಅಂತ ನೋಡ್ಕೋತ ಹೊಂಟ್ರ ಅವನ ಮದಿವಿ 8 ಏಪ್ರಿಲ್ 1641, ಹಿರೇ ಮಗ ಹುಟ್ಟಿದ್ದು 20 ಜನೆವರಿ 1641! ಊರಿನ ಹಳೇ ಪುಸ್ತಕದ ಫೋಟೋದಾಗ ನೋಡಿದ್ರ ಅಲ್ಲಿ ಜನೆವರಿನೂ ಇಲ್ಲ, 20ನೇ ದಿನ 11ನೇ ತಿಂಗಳು ಅಂತೈತಿ, ಅಂದ್ರ ನವೆಂಬರ್ ಆತಲ್ಲ? ಬೀಗರಿಗೆ ಇದನ್ನ ಹೆಂಗ ಕೇಳೂದು, ನಂಗ ನಾಚಿಕಿ ಬರಾಕತ್ತೈತಿ.

ಉತಾರ ಹುಡುಕಾಂವ, ಬೆಳಗಾವಿ:
ಮಾಸ್ತರ್ರ, ಆ ಹೆಣ್ಮಗಳದು ಏನೂ ತಪ್ಪಿಲ್ರಿ, ತಪ್ಪೆಲ್ಲಾ ಕ್ಯಾಲೆಂಡರಿಂದು. ಇಂಗ್ಲೆಂಡ್‌ದಾಗ, ಅವರ ಕಾಲನಿಯೊಳಗ 1752ರ ತನಾ ಹೊಸಾ ವರ್ಷ ಸುರು ಆಗ್ತಿದ್ದದ್ದು ಮಾರ್ಚ್ 25ಕ್ಕ, ನಮ್ಮ ಯುಗಾದಿ ಹತ್ರಹತ್ರ ಅನ್ರಿ. ಹಂಗಾಗಿ ಏಪ್ರಿಲ್ 1641 ಮೊದ್ಲ ಬರ್ತೈತಿ, ಜನೆವರಿ 1641 ಆಮ್ಯಾಲೆ ಬರ್ತೈತಿ, ನಮ್ಮ ಲೆಕ್ಕದಾಗ ಅದು ಜನೆವರಿ 1642. ಒಂಬತ್ತ ತಿಂಗಳಾ ಹನ್ನೆರಡ ದಿನ, ಎಣಿಸ್ಕೋರಿ. ಇನ್ನ 11ನೇ ತಿಂಗಳು ಅಂದ್ರ ನವೆಂಬರ್ ಅಲ್ಲ, ಅಲ್ಲಿ ಹೋಗಿ ನೆಲಸಿದ ಪ್ಯೂರಿಟನ್ ಮಂದಿ (ಕಟ್ಟಾ ಕ್ರೈಸ್ತ ಪಂಥದವರು) ತಿಂಗಳ ಹೆಸರಿನ್ಯಾಗ ರೋಮನ್ ದೇವರು ಅದಾವು ಅಂತ ಹೆಸರ ಬಿಟ್ಟು ನಂಬರ್ ಹಾಕ್ತಿದ್ರು, ಮಾರ್ಚ್ ಒಂದನೇದು, ಜನೆವರಿ ಹನ್ನೊಂದನೇದು. ಅದಕ್ಕ ಬಲ್ಲವರು 1641/42 ಅಂತ ಎರಡೂ ಬರೀತಾರ. ನಮ್ಮ ಅಜ್ಜನ ಹೊಲದ ಮೋಡಿ (ಹಳೇ ಮರಾಠಿ ಲಿಪಿ) ಕಾಗದದಾಗ ಫಸಲಿ ವರ್ಷ (ಕಂದಾಯದ ವರ್ಷ) ಬರದಿದ್ರು, ನಾನೂ ಹಿಂಗ ಎಡವಿ ಎರಡ ದಿನ ತಲಿ ಕೆಡಿಸ್ಕೊಂಡಿದ್ದೆ.

ವಿಜಾಪುರದಾಕಿ:
ತಾರೀಖು ಇರ್ಲಿ ಸರ್, ನಂಗ ಡೌಟ್ ಇರೂದು ಆ ಹಡಗಿನ ಮ್ಯಾಲೆ. 1620ರಿಂದ 1640ರೊಳಗ ಸುಮಾರು 20,000 ಮಂದಿ ನ್ಯೂ ಇಂಗ್ಲೆಂಡಿಗೆ (ಮ್ಯಾಸಚೂಸೆಟ್ಸ್ ಇರೋ ಆ ಭಾಗಕ್ಕ) ಹೋಗ್ಯಾರ, ಅದ್ರಾಗ ಥಾಮಸ್ ಅನ್ನವ್ರು ಎಷ್ಟ್ ಮಂದಿ ಇರ್ಬೇಕು, ನಮ್ಮ ಕಡೆ ಬಸಪ್ಪ ಇದ್ದಂಗ! 1635ರ ಲಂಡನ್ ಬಂದರದ ಪಟ್ಟಿ ಉಳದೈತಿ, ವಯಸ್ಸೂ ಬರದಾರ, ಅದಕ್ಕ ಎಲ್ಲಾರೂ ತಮ್ಮ ಮುತ್ಯಾನ್ನ ಅದ್ರಾಗ ಕುಂಡ್ರಸ್ತಾರ. ಬ್ಯಾರೆ ಬಂದರದ ಪಟ್ಟಿ ಭಾಳಷ್ಟು ಉಳದಿಲ್ಲ, ಅಮೆರಿಕಾ ಸರ್ಕಾರ ಹಡಗಿನ ಮಂದಿ ಲೆಕ್ಕ ಇಡಾಕ ಹತ್ತಿದ್ದು 1820ರಿಂದ. ಮ್ಯಾಲಿಂದ ಕೆಳಗ ಬರಬ್ಯಾಡ್ರಿ, ಅಳಿಯನಿಂದ ಹಿಂದಕ್ಕ ಒಂದೊಂದ ತಲಿ ಏರ್ರಿ. 1850ರ ಜನಗಣತಿಯೊಳಗ ಮನ್ಯಾಗಿನ ಸ್ವತಂತ್ರ ಮಂದಿ ಎಲ್ಲಾರ ಹೆಸರೂ ಸಿಗ್ತಾವು, ಅದಕ್ಕಿಂತ ಹಿಂದ, 1790ರ ತನಾ, ಯಜಮಾನನ ಹೆಸರಷ್ಟ, ಉಳದವ್ರು ಬರೇ ಎಣಿಕಿ. ಅದಕ್ಕೂ ಹಿಂದಿಂದಕ್ಕ ಜಮೀನ್ ಕಾಗದ, ಮೃತ್ಯುಪತ್ರ, ಕೋರ್ಟ್ ಕಾಗದ ನೋಡ್ಬೇಕು. ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ವೆಬ್‌ಸೈಟಿನ್ಯಾಗ ಫ್ರೀ ಅಕೌಂಟ್ ಮಾಡ್ಕೊಂಡ್ರ ಭಾಳ ಸ್ಕ್ಯಾನ್ ಅದಾವು. ಸಾಕ್ಷಿ ಹೇಳಿದವರ ವಯಸ್ಸು "ಸುಮಾರು ಇಷ್ಟು" ಅಂತ ಕೋರ್ಟಿನವರು ಬರ್ಕೋತಿದ್ರು, ಅದನ್ನ ಹಡಗಿನ ವಯಸ್ಸಿಗೆ ತಾಳೆ ಹಾಕ್ರಿ. ಮತ್ತ ಆಸ್ತಿ ವಾಟ್ನಿ ಸಿಕ್ರ ನೋಡ್ರಿ, ಮೃತ್ಯುಪತ್ರ ಇರ್ಲಿಲ್ಲಂದ್ರ ಮ್ಯಾಸಚೂಸೆಟ್ಸ್‌ದಾಗ ಹಿರೇ ಮಗಗ ಎರಡ ಪಾಲು ಕೊಡ್ತಿದ್ರು, ಯಾರು ಹಿರ್ಯಾ ಅನ್ನೂದು ಅಲ್ಲೇ ಗೊತ್ತಾಗ್ತೈತಿ.

ಹುನಗುಂದದ ಹುಡುಗ:
ನಮ್ಮ ಊರಿಗೆ ಹೆಳವರು ಎತ್ತಿನ ಮ್ಯಾಲ ಕುಂತು ಗಂಟಿ ಬಾರ್ಸ್ಕೋತ ಬಂದು ಮುತ್ಯಾನ ಮುತ್ಯಾನ ಹೆಸರು ಬಾಯಿಲೆ ಹೇಳ್ತಿದ್ರು, ಒಂದ ಚೀಲ ಜ್ವಾಳ ಕೊಟ್ರ ಮುಗೀತು 😄 ಒಂದ ಮಾತು ಮಾಸ್ತರ್ರ, ಥಾಮಸ್ಸನ್ನ ಮೂಲಪುರುಷ ಅಂತಾರ, ಆದ್ರ ಅಲ್ಲಿ ಮೊದ್ಲ ಇದ್ದವರು ವಾಂಪನೋಗ್ ಮಂದಿ. 1616ರಿಂದ 1619ರ ತನಾ ರೋಗ ಬಂದು ಊರಿಗೆ ಊರ ಖಾಲಿ ಆದ್ವು, ಇಂಗ್ಲೆಂಡಿನಿಂದ ಬಂದವರು ಪ್ಲಿಮತ್ ಊರು ಕಟ್ಟಿದ್ದು ಹಂತಾದ್ದೊಂದು ಹಾಳೂರಿನ್ಯಾಗ, ಪಟಕ್ಸೆಟ್ ಅಂತ ಅದರ ಹೆಸರು. ಥಾಮಸ್ಸನ ಹೊಲ ಯಾರ್ದಿತ್ತು ಅನ್ನೂದೂ ಆ ಜಮೀನ್ ಕಾಗದದಾಗ ಹುಡುಕ್ರಿ.

ಬಾಗಲಕೋಟಿ ಮಾಸ್ತರ:
ಹದಿನೈದ ದಿನ ಬಿಟ್ಟು ಬರಿಯಾಕತ್ತೀನಿ, ಕಣ್ಣ ಉರ್ಯಾಕತ್ತಾವು, ಆ ಅಕ್ಷರ ಮೋಡಿಗಿಂತ ಅಧ್ವಾನ. ವಾಟ್ನಿ ಸಿಕ್ತು, ಆ ಜನೆವರಿ ಹುಡುಗಗ ಎರಡ ಪಾಲು ಬಂದೈತಿ. ಥಾಮಸ್ ಸತ್ತಾಗ ಮನ್ಯಾಗ ಇದ್ದ ಸಾಮಾನ ಪಟ್ಟಿನೂ ಐತಿ: ಒಂದ ಕಬ್ಬಿಣದ ಗಡಿಗಿ, ಒಂದ ಹಾಸಿಗಿ, ಮುದಿ ಆಕಳು, ಮುರದ ಕೊಡ್ಲಿ. ಹೇಣ್ತಿ ಸಹಿ ಇಲ್ಲ, ಒಂದ ಗೆರಿ ಎಳದಾಳ, ನಮ್ಮವ್ವನ ಹೆಬ್ಬಟ್ಟು ನೆನಪಾತು. ಹೊಲದ ಕಾಗದ ಇನ್ನೂ ಸಿಕ್ಕಿಲ್ಲ ತಮ್ಮಾ, ಹುಡುಕ್ತೀನಿ.

ಆದ್ರ ವಿಜಾಪುರದ ತಂಗೆವ್ವ ಹೇಳಿದ್ದ ಖರೇ ಆತು. ಹಡಗಿನ ಥಾಮಸ್‌ಗ 1635ಕ್ಕ 19 ವರ್ಷ, ಕೋರ್ಟಿನ್ಯಾಗ ನಿಂತ ಥಾಮಸ್‌ಗ 1660ಕ್ಕ ಸುಮಾರು 52. ಎಂಟ ವರ್ಷ ತಾಳೆ ಆಗವಲ್ದು, "ಸುಮಾರು" ಅನ್ನೂದನ್ನ ಎಷ್ಟ್ ಜಗ್ಗಿದ್ರೂ ಆಗವಲ್ದು. ಮಗಳಿಗೆ ಫೋನ್ ಮಾಡಿದ್ರ ಬೀಗರು ಆ ಹಡಗಿನ ಚಿತ್ರ ದೊಡ್ಡದ ಮಾಡ್ಸಿ, ಫ್ರೇಮ್ ಹಾಕ್ಸಿ ಹಾಲ್‌ನ್ಯಾಗ ತೂಗ ಹಾಕ್ಯಾರಂತ. ಮಗಳ ಹೇಳ್ಲಿ ಬೇಕಾರ, ನಾ ಅಂತೂ ಹೇಳಾಂವಲ್ಲ.