ಲಿಥಿಯಂ ತಗೊಳ್ಳುವ ತಮ್ಮನಿಗೆ ಕೈ ನಡುಕ, ವಿಪರೀತ ಬಾಯಾರಿಕೆ. ಮಾತ್ರೆ ನಿಲ್ಲಿಸಬಹುದಾ?

ಹಾಳೆಟೋಪಿ:
ನಮ್ಮದು ತೀರ್ಥಹಳ್ಳಿ ಕಡೆ. ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಕಾಯಿಲೆ. ಶಿವಮೊಗ್ಗದ ಮನೋವೈದ್ಯರು ಲಿಥಿಯಂ 300 ಬರೆದಿದ್ದಾರೆ, ಬೆಳಿಗ್ಗೆ ಒಂದು, ರಾತ್ರಿ ಎರಡು. ಮೊದಲು ರಾತ್ರಿಯೆಲ್ಲ ನಿದ್ದೆ ಮಾಡದೆ ಓಡಾಡುವುದು, ಸಿಕ್ಕಿದವರಿಗೆಲ್ಲ ದುಡ್ಡು ಹಂಚುವುದು, ಮನೆಯಲ್ಲಿ ಒಂದು ಬೈಕ್ ಇದ್ದರೂ ಸೊಸೈಟಿ ಸಾಲದಲ್ಲಿ ಇನ್ನೊಂದು ತಂದು ನಿಲ್ಲಿಸುವುದು, ಎಲ್ಲ ಇತ್ತು. ಮಾತ್ರೆ ಶುರುವಾದ ಮೇಲೆ ಅದೆಲ್ಲ ನಿಂತಿದೆ. ತೋಟ ಪೂರ್ತಿ ಅವನೇ ನೋಡಿಕೊಳ್ಳುತ್ತಾನೆ.

ಈಗ ಅಡಿಕೆ ಕೊಯ್ಲು ಶುರುವಾದಾಗಿನಿಂದ ಬೇರೆ ತೊಂದರೆ. ಕೈ ನಡುಕ ಮೊದಲೂ ಸ್ವಲ್ಪ ಇತ್ತು, ಕಾಫಿ ಲೋಟ ಹಿಡಿದಾಗ ಗೊತ್ತಾಗುವಷ್ಟು. ಈಗ ಊಟ ಮಾಡುವಾಗ ಅನ್ನವೇ ಚೆಲ್ಲಿಹೋಗುತ್ತದೆ. ನಿನ್ನೆಯಿಂದ ಭೇದಿ ಬೇರೆ. ಎಷ್ಟು ನೀರು ಕುಡಿದರೂ ಸಾಲದು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಾನೆ. ಅದಕ್ಕೇ ಅಮ್ಮ ಹಾಸಿಗೆ ಪಕ್ಕದ ನೀರಿನ ಚೊಂಬು ತೆಗೆದಿಟ್ಟಿದ್ದಾರೆ. ಸೋದರಮಾವ ಬಂದವರು "ಆ ಮಾತ್ರೆ ಕಿಡ್ನಿ ತಿಂದುಹಾಕುತ್ತೆ, ಇವತ್ತೇ ನಿಲ್ಲಿಸಿ" ಅಂದು ಹೋದರು. ಡಾಕ್ಟರ್ ಹತ್ತಿರ ಹೋಗಬೇಕಾದ್ದು ಮುಂದಿನ ತಿಂಗಳು. ಕೊಯ್ಲು ಮುಗಿಯುವ ತನಕ ಮಾತ್ರೆ ನಿಲ್ಲಿಸಿದರೆ ನಡೆಯುತ್ತಾ?

ಅಂಗಡಿ ಬಾಗಿಲು:
ಸಾಗರದಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ, ಡಾಕ್ಟರ್ ಅಲ್ಲ. ಆದರೂ ಖಚಿತವಾಗಿ ಹೇಳುತ್ತೇನೆ, ಮುಂದಿನ ತಿಂಗಳವರೆಗೆ ಕಾಯಬೇಡಿ. ಇವತ್ತೇ ಕರೆದುಕೊಂಡು ಹೋಗಿ. ಸಣ್ಣಗೆ ಬೆರಳು ನಡುಗುವುದು ಲಿಥಿಯಂ ತಗೊಳ್ಳುವ ತುಂಬಾ ಜನರಿಗೆ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ಅನ್ನ ಚೆಲ್ಲುವಷ್ಟು ನಡುಕ, ಜೊತೆಗೆ ಭೇದಿ ಅಂದರೆ ರಕ್ತದಲ್ಲಿ ಲಿಥಿಯಂ ಜಾಸ್ತಿಯಾಗಿರಬಹುದು. ಮಾತು ತೊದಲುತ್ತಾನಾ, ನಡೆಯುವಾಗ ವಾಲುತ್ತಾನಾ, ವಾಂತಿ ಇದೆಯಾ, ಮಂಕಾಗಿದ್ದಾನಾ ನೋಡಿ. ಇದರಲ್ಲಿ ಯಾವುದಿದ್ದರೂ ಸಂಜೆ ಬಸ್ಸಿಗೆ ಕಾಯದೆ ಗಾಡಿ ಮಾಡಿಕೊಂಡು ಹೊರಡಿ. ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಅವರೇ ತಾತ್ಕಾಲಿಕವಾಗಿ ನಿಲ್ಲಿಸಿ ಎನ್ನಬಹುದು. ಆದರೆ ಅದೇ ಬೇರೆ, ಮಾವ ಹೇಳಿದರು ಅಂತ ನೀವೇ ಕೊಯ್ಲು ಮುಗಿಯುವ ತನಕ ಬಿಡುವುದೇ ಬೇರೆ. ಹಾಗೆ ಒಮ್ಮೆಲೇ ಬಿಟ್ಟರೆ ಹಳೇ ಕಾಯಿಲೆ ಜೋರಾಗಿ ಮರುಕಳಿಸುವ ಅಪಾಯ ಇದೆ.

ಚೊಂಬು ಮೊದಲು ವಾಪಸ್ ಇಡಿ! ಮೂತ್ರ ಜಾಸ್ತಿ ಹೋಗುವುದರಿಂದ ಬಾಯಾರಿಕೆ, ನೀರು ಕುಡಿದಿದ್ದರಿಂದ ಮೂತ್ರ ಅಲ್ಲ. ನೀರು ತಪ್ಪಿಸಿದರೆ ಲಿಥಿಯಂ ಮಟ್ಟ ಇನ್ನೂ ಏರುತ್ತದೆ.

ಇನ್ನೊಂದು ಮುಖ್ಯ ಪ್ರಶ್ನೆ. ಮೈಕೈ ನೋವಿಗೆ ಅಂತ ಏನಾದರೂ ಮಾತ್ರೆ ತಗೊಳ್ಳುತ್ತಿದ್ದಾನಾ? ಕೊಯ್ಲಿನ ಹೊತ್ತಿಗೆ ನಮ್ಮ ಅಂಗಡಿಯಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿಕೊಂಡು ಬರುವವರೇ ಜಾಸ್ತಿ. ಅವು ಕಿಡ್ನಿ ಲಿಥಿಯಂ ಹೊರಹಾಕುವುದನ್ನು ಕಡಿಮೆ ಮಾಡುತ್ತವೆ. ಬಿಪಿಯ ಕೆಲವು ಮಾತ್ರೆಗಳೂ ಹಾಗೆಯೇ, ಟೆಲ್ಮಿಸಾರ್ಟನ್, ಎನಲಾಪ್ರಿಲ್, ಹೈಡ್ರೋಕ್ಲೋರೋಥಯಜೈಡ್. ಮಾತ್ರೆ ಅಷ್ಟೇ ಇರುತ್ತದೆ, ರಕ್ತದಲ್ಲಿ ಮಾತ್ರ ಏರುತ್ತಾ ಹೋಗುತ್ತದೆ.

ಸೊರಬದವ:
ಇಷ್ಟೆಲ್ಲ ತಾಪತ್ರಯ ಇರುವ ಮಾತ್ರೆ ಯಾಕೆ ಬೇಕು ಸ್ವಾಮಿ? 1949ರಲ್ಲಿ ಅಮೆರಿಕದಲ್ಲಿ ಲಿಥಿಯಂ ತಿಂದು ಜನ ಸತ್ತಿದ್ದಾರೆ, ಹುಡುಕಿ ನೋಡಿ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡಲ್ಲ. ನಮ್ಮ ಕಡೆ ಒಬ್ಬರು ನಾಟಿ ಔಷಧಿ ಕೊಡುತ್ತಾರೆ, ಉಪ್ಪು ಬಿಟ್ಟು ಪಥ್ಯ ಮಾಡಬೇಕು ಅಷ್ಟೇ. ಬೇಕಾದರೆ ವಿಳಾಸ ಕೊಡುತ್ತೇನೆ.

ಅಪ್ಪೆಮಿಡಿ:
ಸೊರಬದವರೇ, ವಿಳಾಸ ನಿಮ್ಮ ಹತ್ತಿರವೇ ಇರಲಿ. ನಾನು ಲಿಥಿಯಂ ತಗೊಳ್ಳುವವಳು. ತಗೊಂಡೇ ಕೆಲಸಕ್ಕೆ ಹೋಗುತ್ತೇನೆ, ಮನೆ ನಡೆಸುತ್ತೇನೆ. ನೀವು ಹೇಳಿದ ಸಾವು ನಿಜ, ಆದರೆ ಅರ್ಧ ಮಾತ್ರ ಹೇಳಿದಿರಿ. ಅದು ಮಾತ್ರೆಯೇ ಅಲ್ಲ. ಹೃದಯದ ಕಾಯಿಲೆಗೆ ಉಪ್ಪು ಬಿಟ್ಟಿದ್ದವರಿಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರಿದ್ದರು, ಜನ ಲೆಕ್ಕವಿಲ್ಲದೆ ಊಟಕ್ಕೆ ಉದುರಿಸಿಕೊಂಡರು. ಮೈಯಲ್ಲಿ ಉಪ್ಪು ಕಡಿಮೆಯಾದರೆ ಕಿಡ್ನಿ ಲಿಥಿಯಂ ಬಿಟ್ಟುಕೊಡುವುದಿಲ್ಲ. ಅಂದರೆ ಲಿಥಿಯಂ ಮೇಲಿರುವವರಿಗೆ ನೀವು ಹೇಳುವ ಸಪ್ಪೆ ಪಥ್ಯವೇ ವಿಷ. ಉಪ್ಪಿನಕಾಯಿ ಹೆಸರಿಟ್ಟುಕೊಂಡವಳು ಉಪ್ಪಿನ ಪರ ಮಾತಾಡುತ್ತಿದ್ದಾಳೆ ಅಂತ ನಗಬೇಡಿ. ಜಾಸ್ತಿ ತಿನ್ನಿ ಅಂತಲ್ಲ, ದಿನಾ ತಿನ್ನುವಷ್ಟೇ ತಿನ್ನಬೇಕು. ಅದೇ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರ್ ಇದು ಉನ್ಮಾದಕ್ಕೆ ಕೆಲಸ ಮಾಡುತ್ತದೆ ಅಂತ ಬರೆದದ್ದು. ಆಮೇಲೆ ರಕ್ತ ಅಳೆದು ಕೊಡುವುದು ರೂಢಿಗೆ ಬಂತು.

ಹಾಳೆಟೋಪಿಯವರೇ, ಸಾಮಾನ್ಯವಾಗಿ ರಕ್ತದಲ್ಲಿ ಲಿಥಿಯಂ ಮಟ್ಟ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇಡುತ್ತಾರೆ, 1.5 ದಾಟಿದರೆ ಅಪಾಯ. ಮಾಮೂಲಿ ಪರೀಕ್ಷೆಗೆ ರಾತ್ರಿ ಮಾತ್ರೆ ತಗೊಂಡು 12 ಗಂಟೆ ಆದ ಮೇಲೆ, ಬೆಳಗಿನದು ತಗೊಳ್ಳುವ ಮುಂಚೆ ರಕ್ತ ಕೊಡಬೇಕು. ಈಗಿನ ಹಾಗೆ ತುರ್ತಿದ್ದರೆ ಹೊತ್ತು ನೋಡುವುದಿಲ್ಲ, ಹೋದ ತಕ್ಷಣ ತೆಗೆಯುತ್ತಾರೆ. ಕಿಡ್ನಿ ವಿಷಯದಲ್ಲಿ ನಿಮ್ಮ ಮಾವ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ವರ್ಷಗಟ್ಟಲೆ ತಗೊಂಡವರಲ್ಲಿ ಕೆಲವರಿಗೆ ಕಿಡ್ನಿ ಕೆಲಸ ಕುಗ್ಗುತ್ತದೆ, ಥೈರಾಯ್ಡ್ ಕಡಿಮೆಯಾಗುತ್ತದೆ. ನನಗೆ ಥೈರಾಯ್ಡ್ ಆಯಿತು, ಅದಕ್ಕೊಂದು ಮಾತ್ರೆ ತಗೊಳ್ಳುತ್ತೇನೆ. ತೂಕವೂ ಏರಿತು, ಅದರ ಕತೆ ಬೇಡ ಬಿಡಿ. ಅದಕ್ಕೇ ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ಥೈರಾಯ್ಡ್, ಕ್ಯಾಲ್ಸಿಯಂ ನೋಡಿಸುವುದು. ನಿಮ್ಮ ತಮ್ಮನಿಗೆ ಕೊನೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ? ತುಂಬಾ ಮನೆಗಳಲ್ಲಿ ಹುಷಾರಾದ ಎಂದ ಕೂಡಲೇ ಪರೀಕ್ಷೆ ನಿಂತುಹೋಗುತ್ತದೆ, ಹಳೇ ಚೀಟಿ ತೋರಿಸಿ ಮಾತ್ರೆ ಮಾತ್ರ ತರುತ್ತಾ ಇರುತ್ತಾರೆ.

ಹಾಳೆಟೋಪಿ:
ಆವತ್ತೇ ಹೊರಟು ಶಿವಮೊಗ್ಗಕ್ಕೆ ಹೋದೆವು. ಅಂಗಡಿಯವರು ಊಹಿಸಿದ್ದೇ ಸರಿ. ಅಡಿಕೆ ಕೊಯ್ಯುವ ಕೊನೆಗಾರ ಕೊಟ್ಟಿದ್ದ ನೋವಿನ ಮಾತ್ರೆ ಅಂತೆ, ಜೇಬಿನಲ್ಲಿ ಡೈಕ್ಲೋಫೆನಾಕ್ ಪಟ್ಟಿ ಸಿಕ್ಕಿತು, ದಿನಕ್ಕೆ ಎರಡು ನುಂಗುತ್ತಿದ್ದನಂತೆ. ಲಿಥಿಯಂ 1.7 ಬಂತು. ದಾಖಲು ಮಾಡಿಕೊಂಡು ಸಲೈನ್ ಹಾಕಿದರು, ಲಿಥಿಯಂ ನಿಲ್ಲಿಸಿ ಮತ್ತೆ ಮತ್ತೆ ರಕ್ತ ನೋಡಿದರು. ಮಟ್ಟ ಇಳಿದ ಮೇಲೆ ಕಡಿಮೆ ಡೋಸ್‌ನಲ್ಲಿ ಪುನಃ ಶುರು ಮಾಡಿದ್ದಾರೆ. ಕ್ರಿಯಾಟಿನಿನ್ ಸರಿ ಇದೆ. ಮಾವ ಇನ್ನೂ ಒಪ್ಪಿಲ್ಲ, ಅದು ಬೇರೆ ವಿಷಯ. ಆದರೆ ಸೊಂಟ ನೋವು ಹಾಗೇ ಇದೆಯಲ್ಲ, ಅದಕ್ಕೇನು ಮಾಡುವುದು?

ಅಂಗಡಿ ಬಾಗಿಲು:
ಬೇಗ ಹೋದಿರಿ, ಒಳ್ಳೆಯದಾಯಿತು. ನೋವಿಗೆ ಬರೀ ಪ್ಯಾರಾಸಿಟಮಾಲ್ ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಪಟ್ಟಿಯ ಹಿಂದೆ ಓದಿ, ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಡೈಕ್ಲೋಫೆನಾಕೋ ಅಸಿಕ್ಲೋಫೆನಾಕೋ ಸೇರಿರುತ್ತದೆ. ಒಂದು ಚೀಟಿಯಲ್ಲಿ "ಲಿಥಿಯಂ ತಗೊಳ್ಳುತ್ತೇನೆ" ಅಂತ ಬರೆದು ಅವನ ಪರ್ಸಿನಲ್ಲಿ ಇಡಿ. ಮಳೆಗಾಲದಲ್ಲಿ ಇಲಿಜ್ವರವೋ ಬೇರೆ ಜ್ವರವೋ ಬಂದು ಬೇರೆ ಡಾಕ್ಟರ್ ಹತ್ತಿರ ಹೋದರೆ ಮೊದಲು ಅದನ್ನೇ ತೋರಿಸಬೇಕು. ಕಾಫಿಯನ್ನೂ ಒಮ್ಮೆಲೇ ಬಿಡಿಸಬೇಡಿ, ಅದರಿಂದಲೂ ಮಟ್ಟ ಏರುತ್ತದೆ.

ಕಂಬಳಿಕೊಪ್ಪೆ:
ನಡುವೆ ಬಾಯಿ ಹಾಕಿದೆ, ಕ್ಷಮಿಸಿ. ನನ್ನ ತಂಗಿಗೆ ಲಿಥಿಯಂ ಅಲ್ಲ, ವಾಲ್‌ಪ್ರೊಯೇಟ್ ಕೊಟ್ಟಿದ್ದಾರೆ. ಮದುವೆ ಮಾತುಕತೆ ನಡೆಯುತ್ತಿದೆ. ಅದಕ್ಕೂ ರಕ್ತ ಪರೀಕ್ಷೆ ಬೇಕಾ?

ಅಪ್ಪೆಮಿಡಿ:
ರಕ್ತ ಪರೀಕ್ಷೆ, ಲಿವರ್ ಎಲ್ಲ ಆಮೇಲೆ. ಮದುವೆ ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ಗರ್ಭದಲ್ಲಿರುವ ಮಗುವಿಗೆ ವಾಲ್‌ಪ್ರೊಯೇಟ್ ಒಳ್ಳೆಯದಲ್ಲ. ಬಸಿರಲ್ಲಿ ಅದನ್ನು ತಗೊಂಡ ತಾಯಂದಿರ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟಿನಿಂದಲೇ ಅಂಗದ ದೋಷ ಇರುತ್ತದೆ, ಬುದ್ಧಿ ಬೆಳವಣಿಗೆಗೂ ತೊಂದರೆ. ಹಾಗಂತ ಹುಡುಗನ ಮನೆಯವರಿಗೆ ಗೊತ್ತಾಗುತ್ತೆ ಅಂತ ಹೆದರಿ ಸುಮ್ನೆ ನಿಲ್ಲಿಸಬೇಡಿ. ಬಸಿರಾಗುವ ಮುಂಚೆಯೇ ಮಾತ್ರೆ ಬದಲಿಸಬೇಕು, ಅದಕ್ಕೆ ಸಮಯ ಬೇಕು, ತಂಗಿಯನ್ನು ಕರೆದುಕೊಂಡು ಈ ವಾರವೇ ಡಾಕ್ಟರ್ ಹತ್ತಿರ ಹೋಗಿ. ದೂರ ಆದರೆ ತಾಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ಮನೋವೈದ್ಯರು ಬರುತ್ತಾರೆ, ಯಾವ ಮಂಗಳವಾರ ಅಂತ ಮೊದಲೇ ಕೇಳಿಕೊಳ್ಳಿ. ಅದಕ್ಕೂ ಮುಂಚೆ ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.