ಚೀನಾದಲ್ಲಿ ಡೈನೋಸಾರ್ ಜಾಗ ಮತ್ತೆ ಹಳೇ ಶಿಲ್ಪ ಎರಡೂ ಇರೋ ಗ್ರೂಪ್ ಟೂರ್, ಹೋಗಿ ಬಂದೋರು ಯಾರಾದ್ರೂ ಇದೀರಾ?

ಸಹನಾ_ಎಚ್:
ಎಲ್ರಿಗೂ ನಮಸ್ಕಾರ. ಮಗನಿಗೆ 11 ವರ್ಷ, ಡೈನೋಸಾರ್ ಪುಸ್ತಕ ಕೈಲಿದ್ರೆ ಊಟಕ್ಕೆ ಕರೆದ್ರೂ ಕೇಳಲ್ಲ. ನಮ್ಮ ಮಾವ ಹಿಸ್ಟರಿ ಮೇಷ್ಟ್ರಾಗಿ ರಿಟೈರ್ ಆದೋರು, ಅವ್ರಿಗೆ ಬುದ್ಧ, ಗುಹೆ, ಶಿಲ್ಪ ನೋಡ್ಬೇಕು ಅಂತ ಬಹಳ ವರ್ಷದ ಆಸೆ. ಒಂದು ಗ್ರೂಪ್ ಟೂರ್ ಸಿಕ್ಕಿದೆ, 12 ದಿನ, ಬೀಜಿಂಗ್, ಶಿಯಾನ್, ಜಿಗಾಂಗ್, ಲುಫೆಂಗ್. ಪ್ಲಾನ್ ನೋಡಿದ್ರೆ ದಿನ ಬಿಟ್ಟು ದಿನ ಹೋಟ್ಲು ಬದಲಾಯಿಸ್ಬೇಕು, ಅಷ್ಟು ಮಾಡಿ ಜಿಗಾಂಗ್ ಡೈನೋಸಾರ್ ಮ್ಯೂಸಿಯಮ್ಮಿಗೆ ಕೊಟ್ಟಿರೋದು ಬರೀ ಎರಡು ಗಂಟೆ. ನನ್ನ ಭಯ ಏನಂದ್ರೆ ಅರ್ಧ ಟೂರ್ ಮಗ ಬೇಜಾರ್ ಮಾಡ್ಕೊಂಡು ಕೂರ್ತಾನೆ, ಇನ್ನರ್ಧ ಮಾವ ಸುಮ್ನೆ ಹಿಂದೆ ಹಿಂದೆ ನಡೀತಾರೆ. ಈ ಥರ ಎರಡನ್ನೂ ಸೇರ್ಸೋದು ನಿಜವಾಗ್ಲೂ ಸರಿ ಬರುತ್ತಾ? ನಾವು ಸಸ್ಯಾಹಾರಿಗಳು, ಅದೂ ಒಂದು ಚಿಂತೆ.

ರಘು.ಕೆ:
ಮೇಡಂ, ಸರಿ ಬರುತ್ತೆ, ಆದ್ರೆ ಈ ಪ್ಲಾನಲ್ಲಲ್ಲ. ನಾಲ್ಕು ಮೂಲೆ ಓಡ್ಸೋ ಬದಲು ಜಿಗಾಂಗ್ ಇರೋ ಸಿಚುವಾನ್ ಪ್ರಾಂತ್ಯ ಒಂದನ್ನೇ ಇಟ್ಕೊಳ್ಳಿ, ಅಲ್ಲಿ ಎರಡೂ ಒಂದೇ ಮಣ್ಣಲ್ಲಿದೆ. ನಾವು 14 ಜನ ಹೋಗಿದ್ವಿ, ಚೆಂಗ್ಡುನಲ್ಲಿ ಇಳಿದು ಜಿಗಾಂಗಿಗೆ ರೈಲಲ್ಲಿ. ಅಲ್ಲಿನ ದಾಶಾನ್‌ಪು ಅನ್ನೋ ಜಾಗದಲ್ಲಿ ಗ್ಯಾಸ್ ಕಂಪನಿಯವ್ರು ಕಟ್ಟಡಕ್ಕೆ ನೆಲ ಅಗೆದಾಗ ಮೂಳೆ ಮೇಲೆ ಮೂಳೆ ಬಂತು, ಅದಕ್ಕೇ ಒಂದು ಡೈನೋಸಾರಿಗೆ ಗ್ಯಾಸೋಸಾರಸ್ ಅಂತಾನೇ ಹೆಸ್ರಿದೆ. 1987ರಲ್ಲಿ ಆ ಗುಂಡಿ ಮೇಲೇ ಮ್ಯೂಸಿಯಂ ಕಟ್ಟಿದ್ರು. ಕಂಬಿ ಹಿಡ್ಕೊಂಡು ಕೆಳಗೆ ನೋಡಿದ್ರೆ ಸುಮಾರು 16 ಕೋಟಿ ವರ್ಷದ ಮೂಳೆಗಳು ಕಲ್ಲಲ್ಲಿ ಹೂತಿದ್ದ ಹಾಗೇ ಇವೆ, ಮಳೆಗಾಲದ ಹೊಳೆ ಸೌದೆ ಕೊಚ್ಕೊಂಡು ಬಂದು ದಡಕ್ಕೆ ಹಾಕಿರುತ್ತಲ್ಲ, ಥೇಟ್ ಹಾಗೆ, ಬೆನ್ನುಮೂಳೆ ಒಂದು ಕಡೆ, ತೊಡೆಮೂಳೆ ಅದರ ಮೇಲೆ ಅಡ್ಡ. ನೀರೇ ಅವನ್ನೆಲ್ಲ ಅಲ್ಲಿಗೆ ತಂದು ಸೇರ್ಸಿದ್ದು ಅಂತ ಗೈಡ್ ಹೇಳಿದ್ರು. ಶುನೋಸಾರಸ್‌ನ ಬಾಲದ ತುದೀಲಿ ಗದೆ ಥರ ಗಂಟಿದೆ, ಮಗನಿಗೆ ತಪ್ಪದೆ ತೋರ್ಸಿ. ಎರಡು ಗಂಟೆ ಏನಕ್ಕೂ ಸಾಲಲ್ಲ, ಅರ್ಧ ದಿನ ಬೇಕೇ ಬೇಕು.

ಇನ್ನು ನಿಮ್ಮ ಮಾವ ಅವ್ರಿಗೆ. ಅದೇ ಊರಲ್ಲಿ ಶೆನ್‌ಹಾಯ್ ಅಂತ ಉಪ್ಪಿನ ಬಾವಿ ಇದೆ, 1835ರಲ್ಲಿ ಬಿದಿರು, ಕಬ್ಬಿಣ, ಮನುಷ್ಯರ ಕಾಲ್ಬಲ ಇಷ್ಟರಲ್ಲೇ 1001 ಮೀಟರ್ ಆಳ ಕೊರೆದಿದ್ದು! ಕೆಳಗಿಂದ ಉಪ್ಪುನೀರೂ ಬರುತ್ತೆ ಗ್ಯಾಸೂ ಬರುತ್ತೆ, ಆ ಗ್ಯಾಸ್ ಹಚ್ಚಿ ಆ ನೀರನ್ನೇ ಕಾಯಿಸ್ತಾರೆ. ಆ ಉಪ್ಪುನೀರು ಕಾಯೋ ದೊಡ್ಡ ಬಾಣಲೆಗೆ ಸೋಯಾ ಹಾಲು ಹುಯ್ತಾರೆ, ಕೊಳೆಯೆಲ್ಲ ನೊರೆ ಕಟ್ಕೊಂಡು ಮೇಲೆ ಬರುತ್ತೆ, ಆಲೆಮನೇಲಿ ಕಬ್ಬಿನ ಹಾಲಿನ ಕೊಳೆ ತೆಗೆದ ಹಾಗೆ ಜಾಲರಿಲಿ ಎತ್ತಿ ಹಾಕ್ತಾರೆ. ನಮ್ಮ ಗುಂಪಲ್ಲಿದ್ದ ಹಿರಿಯರೊಬ್ರು ಅಲ್ಲಿಂದ ಕದಲ್ಲಿಲ್ಲ. ಉಪ್ಪಿನ ವ್ಯಾಪಾರಿಗಳು 1736ರಲ್ಲಿ ಕಟ್ಟೋಕೆ ಶುರು ಮಾಡಿದ ಶೀಚಿನ್ ಸಭಾಭವನ ಈಗ ಉಪ್ಪಿನ ಮ್ಯೂಸಿಯಂ, ಅದರ ಚಾವಣಿ ಅಂಚುಗಳನ್ನ ನೋಡೋಕೇ ಒಂದು ಗಂಟೆ ಬೇಕು.

ಆಮೇಲೆ ಸಿಚುವಾನಲ್ಲೇ ಇರೋ ಲೆಶಾನ್ ಊರಿನ ಬಂಡೆ ಬುದ್ಧ. 713ರಲ್ಲಿ ಶುರುವಾಗಿ 90 ವರ್ಷ ಕೆತ್ತಿದ್ದು, 71 ಮೀಟರ್ ಎತ್ತರ, ತಲೆಗೂದಲ ಸುರುಳಿ ಮಧ್ಯೆ ಮಳೆನೀರು ಹೋಗೋಕೆ ಕಾಲುವೆ ಬಚ್ಚಿಟ್ಟಿದಾರೆ. ಆ ಕೆಂಪು ಮರಳುಗಲ್ಲು ಕ್ರಿಟೇಶಿಯಸ್ ಕಾಲದ್ದು, ಅಂದ್ರೆ ಡೈನೋಸಾರ್‌ಗಳು ಓಡಾಡ್ತಿದ್ದಾಗ ಕೂತ ಮಣ್ಣು. ಇದನ್ನ ಕೇಳಿದ ಮೇಲೆ ನಮ್ಮ ಗುಂಪಿನ ಮಕ್ಕಳು ಬುದ್ಧನನ್ನ ನೋಡಿದ ರೀತಿನೇ ಬೇರೆ ಆಯ್ತು. ಮಾವ ಅವ್ರಿಗೆ ಮಂಡಿನೋವಿದ್ರೆ ಮೆಟ್ಟಿಲು ಇಳಿಸ್ಬೇಡಿ, ಕಡಿದಾಗಿದೆ, ನದೀಲಿ ಬೋಟ್ ಹತ್ತಿ, ಪೂರ್ತಿ ಮೂರ್ತಿ ಕಾಣೋದೂ ಅಲ್ಲಿಂದಾನೇ.

ಗರಿ_ಗೆಳೆಯ:
ರಘು ಸರ್ ಹೇಳಿದ್ದು ಒಪ್ತೀನಿ, ಆದ್ರೂ ಬೀಜಿಂಗ್ ಬಿಡೋಕೇ ಆಗಲ್ಲ ಅಂದ್ರೆ ಅದರ ಈಶಾನ್ಯಕ್ಕಿರೋ ಲಿಯಾವ್‌ನಿಂಗ್ ಪ್ರಾಂತ್ಯದ ಕಡೆ ಯೋಚ್ನೆ ಮಾಡಿ. ಗರಿ ಇದ್ದ ಡೈನೋಸಾರ್ ಸಿಕ್ಕಿದ್ದು ಅಲ್ಲೇ. 1996ರಲ್ಲಿ ಸೈನೋಸಾರಾಪ್ಟೆರಿಕ್ಸ್ ಅನ್ನೋ ಗರಿ ಡೈನೋಸಾರ್ ಬೆಳಕಿಗೆ ಬಂದಾಗ ಹಕ್ಕಿಗಳ ಹುಟ್ಟಿನ ಚರ್ಚೆಯೇ ತಿರುಗಿ ಹೋಯ್ತು, 2010ರಲ್ಲಿ ಅದರ ಬಾಲಕ್ಕೆ ಕಿತ್ತಳೆ ಬಿಳಿ ಪಟ್ಟೆ ಇತ್ತು ಅಂತಾನೂ ಗೊತ್ತಾಯ್ತು. ಜ್ವಾಲಾಮುಖಿ ಬೂದಿ ಸರೋವರದ ತಳಕ್ಕೆ ಕೂತಿದ್ದಕ್ಕೇ ಅಷ್ಟು ನಾಜೂಕಾಗಿ ಉಳಿದಿದ್ದು. ಬೀಜಿಂಗಿಂದ ಅಲ್ಲಿನ ಚಾವ್‌ಯಾಂಗ್ ಊರಿಗೆ ಹೈಸ್ಪೀಡ್ ರೈಲಿದೆ, ಊರೊಳಗೆ ಉತ್ತರ ಪಗೋಡ ಅಂತ ಸಾವಿರ ವರ್ಷ ಹಳೇ ಗೋಪುರನೂ ಇದೆ. ಆದ್ರೆ ದೊಡ್ಡ ಅಸ್ಥಿಪಂಜರ ನೋಡೋ ಆಸೆ ಇರೋ ಹುಡುಗನಿಗೆ ಜಿಗಾಂಗೇ ಸರಿ, ಲಿಯಾವ್‌ನಿಂಗಲ್ಲಿ ತಟ್ಟೆಗಾತ್ರದ ಕಲ್ಲನ್ನ ಬಗ್ಗಿ ಬಗ್ಗಿ ನೋಡ್ಬೇಕು.

ವೀಣಕ್ಕ:
ಸಹನಾ, ದುಡ್ಡು ಕಟ್ಟೋ ಮುಂಚೆ ಎರಡು ವಿಷ್ಯ ಬರವಣಿಗೇಲಿ ಕೇಳಮ್ಮ. ಮೂಳೆ ಬಗ್ಗೆ ಓದಿರೋ ಗೈಡ್ ಜೊತೆಗೆ ಇರ್ತಾರಾ, ಶಾಪಿಂಗ್ ನಿಲ್ದಾಣ ಎಷ್ಟು. ನಮ್ಮನ್ನ ಕರ್ಕೊಂಡು ಹೋದೋರು ಜೇಡ್ ಹರಳಿನ ಅಂಗಡೀಲಿ ಒಂದೂಮುಕ್ಕಾಲು ಗಂಟೆ ಕೂರಿಸಿ, ಮ್ಯೂಸಿಯಮ್ಮಲ್ಲಿ ಬಾವುಟ ಎತ್ಕೊಂಡು ಬನ್ನಿ ಬನ್ನಿ ಅಂತ ಓಡ್ಸಿದ್ರು, ನನ್ನ ಮಗಳು ಅತ್ತೇ ಬಿಟ್ಳು. ಅದು ನಿಮಗಾಗೋದು ಬೇಡ. ಊಟಕ್ಕೆ "ವೋ ಚಿ ಸು" ಅಂತ ಹೇಳಿ, ನಾನು ಸಸ್ಯಾಹಾರಿ ಅಂತ ಅರ್ಥ, ಚೀನೀ ಅಕ್ಷರದಲ್ಲಿ ಬರೆಸಿಟ್ಕೊಂಡ್ರೆ ಇನ್ನೂ ಒಳ್ಳೇದು, ಯಾಕಂದ್ರೆ ತೋಫು ಮೇಲೂ ಕೊಚ್ಚಿದ ಮಾಂಸ ಉದುರಿಸ್ತಾರೆ. ಚೆಂಗ್ಡುನ ವೆನ್‌ಶು ಬೌದ್ಧ ಮಠದಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತೆ. ಆಮೇಲೆ ಯಾರಾದ್ರೂ ಪಳೆಯುಳಿಕೆ ಅಂತ ಮಾರೋಕೆ ಬಂದ್ರೆ ಮುಟ್ಟಲೇಬೇಡಿ, ಅನುಮತಿ ಇಲ್ದೆ ದೇಶದಿಂದ ಹೊರಗೆ ಒಯ್ಯೋದು ಅಲ್ಲಿ ಅಪರಾಧ.

ಸಹನಾ_ಎಚ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಉಪ್ಪಿನ ಬಾವಿ ವಿಷ್ಯ ಓದಿ ಹೇಳ್ದೆ, ಮಾವ ಎರಡು ಸಲ ಓದಿಸಿದ್ರು, ಬಿದಿರಲ್ಲಿ ಸಾವಿರ ಮೀಟರಾ ಅಂತ. ಬೀಜಿಂಗ್ ಶಿಯಾನ್ ಇನ್ನೊಂದು ಸಲಕ್ಕೆ ಇಟ್ಕೊಳ್ತೀವಿ. ರಘು ಅವ್ರೇ, ಸಿಚುವಾನಲ್ಲೇ ಇನ್ನೆರಡು ದಿನ ಉಳಿದ್ರೆ ಏನ್ ಸೇರ್ಸ್ಬೋದು?

ರಘು.ಕೆ:
ಸಿಚುವಾನ್ ಪಕ್ಕದ ಚೋಂಗ್‌ಚಿಂಗ್ ಕಡೆಯಿಂದ ವಾಪಸ್ ಬನ್ನಿ, ದಾರೀಲಿ ದಾಜು ಅನ್ನೋ ಕಡೆ ಬಂಡೆಗೆ ಕೆತ್ತಿದ ಶಿಲ್ಪಗಳು ಸಿಗುತ್ತೆ. ಬಾವೊದಿಂಗ್ ಬೆಟ್ಟದಲ್ಲಿ ದೇವರುಗಳ ಮಧ್ಯೆ ಒಬ್ಳು ಹೆಂಗಸು ಕೋಳಿಬುಟ್ಟಿ ಎತ್ತಿ ಮರಿಗಳನ್ನ ಹೊರಗೆ ಬಿಡ್ತಿರೋ ಕೆತ್ತನೆ ಇದೆ, ಸುಮಾರು 800 ವರ್ಷ ಹಳೇದು, ಎರಡು ಕೋಳಿ ಒಂದು ಎರೆಹುಳಕ್ಕೆ ಕಿತ್ತಾಡ್ತಿವೆ. ಅದನ್ನ ಮೊದಲು ಮಗನೇ ಹುಡುಕ್ಲಿ, ಆಮೇಲೆ ಅಜ್ಜನಿಗೆ ತೋರಿಸ್ಲಿ.